ಒಂದು ರೊಟ್ಟಿ ತಟ್ಟುವಷ್ಟು ಹೊತ್ತು

ನಮ್ಮ ಖಾನಾವಳಿಗೆ ಉಣ್ಣಲು ಬಂದವರು ಬಾಯಿಬಿಟ್ಟು ಏನನ್ನೂ ಕೇಳಬಾರದು. ಇದು ನನ್ನ ಅತ್ತೆ ಹಾಕಿಕೊಟ್ಟ ಪದ್ಧತಿ. ತಾಟಿನಲ್ಲಿ ರೊಟ್ಟಿಯ ಕಡೆಯ ಚೂರು ಉಳಿದಿರುವಾಗಲೇ ಇನ್ನೊಂದು ಬಿಸಿ ರೊಟ್ಟಿ ಬಂದು ಬೀಳಬೇಕು. ಪಲ್ಯದ ಜಾಗ ಬರಿದಾಗುವ ಮೊದಲೇ ಸೌಟು ಬಾಗಬೇಕು. "ಕೇಳಿ ಉಂಡ್ರ ಅದು ಭಿಕ್ಷಾ. ಕೇಳೂದಕ್ಕಿಂತ ಮೊದಲ ಬಿದ್ರ ಅದು ಊಟ" ಅನ್ನುತ್ತಿದ್ದಳು ಆಕೆ. ಉಣ್ಣುವವರು ತಾಟಿನ ಮೇಲೆ ಕೈ ಅಡ್ಡ ಹಿಡಿದು "ಸಾಕ್ರಿ, ಸಾಕ್ರಿ" ಅಂದರೂ ಬೆರಳ ಸಂದಿಯಲ್ಲಿ ಒಂದು ಸೌಟು ಇಳಿಸಿಯೇ ಮುಂದಿನ ತಾಟಿಗೆ ಹೋಗಬೇಕು. ಹಾಗೆ ಇಳಿಸದಿದ್ದರೆ ಬಂದವರಿಗೆ ಮನೆಯ ನೆನಪು ಹೇಗೆ ಬರಬೇಕು?

ಮದುವೆಯಾಗಿ ಗದಗಿನ ಕಡೆಯಿಂದ ನಾಗಪುರಕ್ಕೆ ಬಂದಾಗ ನನಗೆ ಮರಾಠಿಯೂ ಬಾರದು, ಹಿಂದಿಯೂ ಬಾರದು. ಓದಿದ್ದು ನಾಲ್ಕನೇ ಇಯತ್ತೆ. ಆದರೆ ಬಡಿಸುವುದಕ್ಕೆ ಯಾವ ಭಾಷೆ ಬೇಕು? ಸಿವಿಲ್ ಲೈನ್ಸ್ ಕಚೇರಿಗಳಲ್ಲಿದ್ದ ನಮ್ಮ ಕಡೆಯ ಕಾರಕೂನರು, ಬಟ್ಟೆ ಅಂಗಡಿಯ ಶೆಟ್ಟರು, ವಾಯುಸೇನೆಯ ಹುಡುಗರು, ರಜೆ ಸಿಕ್ಕ ದಿನ ಕಾಮಠಿಯಿಂದ ಬರುವ ಮಿಲಿಟರಿಯವರು, ಎಲ್ಲರಿಗೂ ನಾನು "ಅಕ್ಕಾರು". ನನ್ನ ಕಣ್ಣು ಅವರ ಮುಖಕ್ಕಿಂತ ಅವರ ತಾಟನ್ನು ಚೆನ್ನಾಗಿ ಬಲ್ಲದು.

ಆ ಪಂಕ್ತಿಗಳ ನಡುವೆಯೇ ನನ್ನ ಮೊಮ್ಮಗಳು ಬೆಳೆದಳು. ನನ್ನ ಮಗನ ಮಗಳು. ಅಕ್ಷರ ಕಲಿಯುವ ಮೊದಲು ಚಟ್ನಿಪುಡಿಯ ಬಟ್ಟಲು ಹಿಡಿದು ಸಾಲಿನಲ್ಲಿ ಓಡಾಡಿದವಳು. ಬಾಗಿಲಲ್ಲೇ ನಿಂತು, "ಅಜ್ಜಿ, ಮೂಲ್ಯಾಗಿನ ಮಾಮಾಗ ಬದನಿಕಾಯಿ ಮುಗೀತು" ಎಂದು ಹೇಳುತ್ತಿದ್ದಳು. ಹೋಗಿ ನೋಡಿದರೆ ಮುಗಿದೇ ಇರುತ್ತಿತ್ತು! ಶಾಲೆಯಲ್ಲಿ ಮರಾಠಿ, ಓಣಿಯಲ್ಲಿ ಹಿಂದಿ, ಮನೆಯಲ್ಲಿ ನಮ್ಮ ಕನ್ನಡ. ಕನ್ನಡ ಓದು ಎಂದರೆ ಮಾತ್ರ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ತಡವರಿಸುತ್ತಾಳೆ. ಇರಲಿ, ಅವಳ ಬಾಯಲ್ಲಿ ಕನ್ನಡ ಕೇಳಿದರೆ ಗದಗಿನ ಗಾಳಿ ಬೀಸಿದಂತಾಗುತ್ತದೆ. ನನ್ನ ಮೊಮ್ಮಗಳೆಂದು ಹೇಳುತ್ತಿಲ್ಲ. ಅಲ್ಲ, ಅದಕ್ಕೇ ಹೇಳುತ್ತಿದ್ದೇನೆ, ಮುಚ್ಚಿಡುವುದೇಕೆ?

ಅವಳು ಮುಂಬಯಿಗೆ ಹೋಗಿ ಪದವಿ ಮುಗಿಸಿ, ಮೇಲಿನ ಓದಿಗೂ ಅಲ್ಲೇ ಸೇರಿದ್ದು ಎಂಬತ್ತರ ದಶಕದ ನಡುವಿನಲ್ಲಿ. ಏನು ಓದು? ಮಾತಿನ ಓದು. ಮಾತು ಬಾರದ ಮಕ್ಕಳಿಗೆ, ತೊದಲುವವರಿಗೆ, ಲಕ್ವ ಹೊಡೆದು ಮಾತು ಕಳೆದುಕೊಂಡವರಿಗೆ ಅದನ್ನು ಮರಳಿ ಕೂಡಿಸಿಕೊಡುವ ವಿದ್ಯೆ. ಇಂಗ್ಲಿಷಿನಲ್ಲಿ ಅದಕ್ಕೊಂದು ಉದ್ದ ಹೆಸರಿದೆ, ನನ್ನ ನಾಲಗೆ ಅದರ ಅರ್ಧ ದಾರಿಗೇ ಕೂತುಬಿಡುತ್ತದೆ. ನಾನು ಎಲ್ಲರಿಗೂ "ಮಾತಿನ ಡಾಕ್ಟರ್" ಎಂದೇ ಹೇಳುತ್ತೇನೆ. "ಡಾಕ್ಟರ್ ಅಲ್ಲಜ್ಜಿ" ಎಂದು ಅವಳು ತಿದ್ದುತ್ತಾಳೆ. ತಿದ್ದಲಿ.

ಬಟ್ಟೆ ಅಂಗಡಿಯ ಶೆಟ್ಟರಿಗೆ ಇದು ಬಲು ತಮಾಷೆ. "ಅಲ್ರೀ ಅಕ್ಕಾರ, ಮಾತು ಕಲಿಯಾಕ ಮುಂಬೈ ತನಕ ಯಾಕ ಹೋಗಬೇಕಿತ್ತು? ನಮ್ಮ ಮನ್ಯಾಕಿ ಕಡೆ ಕಳಿಸಿದ್ರ ಪುಕಟ ಕಲಿಸತಿದ್ಲು."

"ಸುಮ್ಮನಿರಾಕ ಕಲಿಸೂ ಕಾಲೇಜ ಇದ್ರ ಹೇಳ್ರಿ ಶೆಟ್ಟರ, ಮೊದಲ ನಿಮ್ಮನ್ನ ಕಳಸೂಣು" ಎಂದೆ ನಾನು.

ಸುಮ್ಮನಿರುವುದನ್ನು ಕಲಿಸುವ ಕಾಲೇಜೇ ಅವಳದು ಎಂದು ಆಗ ನನಗೆ ಗೊತ್ತಿರಲಿಲ್ಲ.

ಓದಿನ ಕಡೆಯ ಭಾಗ ಪುಸ್ತಕದ್ದಲ್ಲ, ಅರ್ಧ ವರ್ಷ ರೋಗಿಗಳ ಜೊತೆ ಕುಳಿತು ಮಾಡುವುದು. ಅದನ್ನು ನಾಗಪುರದ ದೊಡ್ಡ ಆಸ್ಪತ್ರೆಯೊಂದರಲ್ಲಿ ಮಾಡಲು ಅವಳಿಗೆ ಒಪ್ಪಿಗೆ ಸಿಕ್ಕಿತು. ಅಲ್ಲಿ ಕಿವಿ, ಮೂಗು, ಗಂಟಲಿನ ವಿಭಾಗದ ಹಿಂದೆ ಒಂದು ಕೋಣೆ. ಅಲ್ಲಿಯ ಮರಾಠಿ ಮೇಡಂ ಒಬ್ಬರು ಅವಳ ಕೆಲಸ ನೋಡಬೇಕು. ಕಡೆಗೆ ಮುಂಬಯಿಯ ಅವಳ ಕಾಲೇಜಿನ ಸರ್ ಬಂದು, ಅವಳು ರೋಗಿಯ ಮುಂದೆ ಹೇಗೆ ಕೂಡುತ್ತಾಳೆ ಎಂದು ಕಣ್ಣಾರೆ ನೋಡಿ, ಸೈ ಅಂದರೆ ಸೈ. ಟ್ರಂಕು ಹೊತ್ತುಕೊಂಡು ಬೆಳಗಿನ ಗಾಡಿಗೆ ಬಂದಿಳಿದಳು. ನಾನು ಅಂದು ಗ್ರಾಹಕರಿಗೆಲ್ಲ ಹೋಳಿಗೆ ಬಡಿಸಿದೆ. ಯಾವ ಹಬ್ಬ ಎಂದು ಕೇಳಿದವರಿಗೆ, "ಮೊಮ್ಮಗಳ ಹಬ್ಬ" ಎಂದೆ.

ಅವಳು ಬರುವುದಕ್ಕೆ ಸ್ವಲ್ಪ ಮೊದಲು ನಮ್ಮ ಅಣ್ಣಾರಿಗೆ ಲಕ್ವ ಹೊಡೆದಿತ್ತು. ಒಡಹುಟ್ಟಿದ ಅಣ್ಣನಲ್ಲ. ಉಮರೇಡಿನ ಕಲ್ಲಿದ್ದಲು ಗಣಿಯಲ್ಲಿ ಲಾರಿ ತೂಗುವ ಕಾಟಾದ ಮೇಲೆ ಕೆಲಸ ಮಾಡಿ, ನಿವೃತ್ತಿಯಾದ ಮೇಲೆ ನಮ್ಮ ಓಣಿಯಲ್ಲಿ ಕೋಣೆ ಹಿಡಿದಿದ್ದ ನಮ್ಮ ಊರ ಕಡೆಯವರು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಎರಡೂ ಹೊತ್ತು ಊಟ ನಮ್ಮಲ್ಲೇ. ಮಾತಿನ ಮಲ್ಲ ಆ ಮನುಷ್ಯ. ಸಾರಿನ ಬಟ್ಟಲು ಮುಂದೆ ಬಂದೊಡನೆ ಬಗ್ಗಿ ಅದರೊಳಗೆ ನೋಡಿ, "ಅಕ್ಕಾರ, ಒಂದು ಟಾರ್ಚ್ ಕೊಡ್ರಿ. ಬ್ಯಾಳಿ ಎಲ್ಲಿ ಅಡಗ್ಯಾವೋ ಹುಡುಕತೀನಿ" ಎನ್ನುತ್ತಿದ್ದರು.

"ಕಲ್ಲಿದ್ದಲಾ ನೋಡಿ ನೋಡಿ ನಿಮ್ಮ ಕಣ್ಣಿಗೆ ಕತ್ತಲಿ ಬಂದೈತಿ. ನನ್ನ ಸಾರಿಗೆ ಯಾಕ ಹೆಸರಿಡತೀರಿ?" ಎಂದು ನಾನು.

ದಿನಾ ಇದೇ ಮಾತು, ದಿನಾ ಇದೇ ಉತ್ತರ. ಪಂಕ್ತಿಯೆಲ್ಲ ದಿನಾ ಹೊಸದಾಗಿ ಕೇಳಿದಂತೆ ನಗುತ್ತಿತ್ತು.

ಲಕ್ವ ಅವರ ಬಲಗೈ ಎಳೆದುಕೊಂಡಿತು, ಮಾತನ್ನೂ ಎಳೆದುಕೊಂಡಿತು. ಉಳಿದದ್ದು ಒಂದೇ ಒಂದು ಶಬ್ದ: "ಬರೋಬರ್". ಲಾರಿಯ ತೂಕ ಸರಿ ಬಂದಾಗ ಕಾಟಾದ ಮೇಲೆ ನಿಂತು ಕೂಗುತ್ತಿದ್ದ ಶಬ್ದ ಅದು. ಅದೊಂದು ಹೇಗೆ ಉಳಿಯಿತೋ ದೇವರೇ ಬಲ್ಲ. ಹೇಗಿದ್ದೀರಿ ಎಂದರೆ ಬರೋಬರ್. ತಲೆ ನೋಯುತ್ತದೆಯೇ ಎಂದರೆ ಬರೋಬರ್. ವಾಯುಸೇನೆಯ ಹುಡುಗನೊಬ್ಬ ನಗಿಸಲೆಂದು, "ಅಣ್ಣಾರ, ನಾಳೆ ನಿಮಗ ಮದುವಿ ಮಾಡೂಣೇನ್ರಿ?" ಎಂದ. "ಬರೋಬರ್" ಎಂದರು. ಎಲ್ಲರೂ ನಕ್ಕರು. ಅಣ್ಣಾರ ಮುಖ ನೋಡಿದ ಮೇಲೆ ನಗು ತಾನಾಗಿ ನಿಂತಿತು. ಅದು ತಾವು ಹೇಳಹೊರಟ ಮಾತಲ್ಲ ಎಂದು ಅವರಿಗೆ ಗೊತ್ತಾಗುತ್ತಿತ್ತು. ತೂಕ ತಪ್ಪಿದೆ ಎಂದು ಕಾಣುತ್ತಿದೆ, ಕಾಟಾದ ಮುಳ್ಳು ಮಾತ್ರ ಅಲ್ಲಾಡದು, ಹಾಗೆ.

ನಾನು ಬಡಿಸುತ್ತಿದ್ದೆ. "ಇನ್ನೊಂದು ರೊಟ್ಟಿ ಹಾಕಲೇನ್ರಿ ಅಣ್ಣಾರ?" "ಬರೋಬರ್." ಹಾಕುತ್ತಿದ್ದೆ. "ಪಲ್ಯಾ?" "ಬರೋಬರ್." ಸುರಿಯುತ್ತಿದ್ದೆ. ತಾಟು ಗುಡ್ಡವಾಗುತ್ತಿತ್ತು. ಅವರು ಗುಡ್ಡವನ್ನು ನೋಡುತ್ತಿದ್ದರು, ನನ್ನನ್ನು ನೋಡುತ್ತಿದ್ದರು, ಎಡಗೈಯಲ್ಲಿ ಮೆಲ್ಲಗೆ ತಿನ್ನುತ್ತಿದ್ದರು.

ಆಸ್ಪತ್ರೆಯಲ್ಲಿ ಕನ್ನಡ ಬಲ್ಲವರು ಬೇರೆ ಯಾರೂ ಇರಲಿಲ್ಲ. ಹಾಗಾಗಿ ಅಲ್ಲಿಯ ಡಾಕ್ಟರು ಅಣ್ಣಾರನ್ನು ನನ್ನ ಮೊಮ್ಮಗಳಿಗೇ ಒಪ್ಪಿಸಿದರು. ವಾರದಲ್ಲಿ ಕೆಲವು ದಿನ ಬೆಳಿಗ್ಗೆ ಪಂಕ್ತಿ ಶುರುವಾಗುವ ಮೊದಲು ನಾನು ಅವರನ್ನು ಆಟೋದಲ್ಲಿ ಕೂಡಿಸಿಕೊಂಡು ಹೋಗುವುದು, ಸೊಸೆ ಒಲೆ ನೋಡಿಕೊಳ್ಳುವುದು ಎಂದಾಯಿತು. ಕೋಣೆಯ ಹಿಂಬದಿಯ ಬೆಂಚಿನ ಮೇಲೆ ನಾನು ಕೂಡುತ್ತಿದ್ದೆ. ಬಿಳಿ ಕೋಟು ಹಾಕಿಕೊಂಡು, ಜಡೆಯನ್ನು ಗಂಟು ಕಟ್ಟಿ, ನನ್ನ ಮೊಮ್ಮಗಳು ಕುರ್ಚಿಯಲ್ಲಿ ಕೂತದ್ದನ್ನು ಮೊದಲ ಸಲ ನೋಡಿದಾಗ ನನ್ನ ಕಣ್ಣು ಮಂಜಾಯಿತು. ಅತ್ತೆ ಇದ್ದಿದ್ದರೆ ದೃಷ್ಟಿ ತೆಗೆಯುತ್ತಿದ್ದಳು. ಆಕೆ ಇರಲಿಲ್ಲವಾಗಿ ನಾನೇ ಬೆಂಚಿನಿಂದಲೇ ನೆಟಿಗೆ ಮುರಿದೆ.

ಮೇಜಿನ ಮೇಲೆ ಒಂದು ಕನ್ನಡಿ, ಚಿತ್ರಗಳ ಕಟ್ಟು, ಆಮೇಲೆ ಮನೆಯ ವಸ್ತುಗಳು: ಚಮಚ, ಬಾಚಣಿಗೆ, ಬೀಗ, ಲೋಟ. ಅವಳು ಚಮಚ ಎತ್ತಿ ಹಿಡಿದು, "ಅಜ್ಜಾರ, ಇದೇನ್ರಿ?" ಎಂದಳು. ಅಣ್ಣಾರು ಚಮಚವನ್ನು ನೋಡಿದರು. ತುಟಿ ಅಲ್ಲಾಡಿತು. ಗಂಟಲಲ್ಲಿ ಏನೋ ಏರಿ ಬರುತ್ತಿದೆ ಎನ್ನುವಷ್ಟರಲ್ಲಿ ಅವಳು, "ಚಮಚಾ ಅಲ್ಲೇನ್ರಿ? ಚಮಚಾ!" ಎಂದುಬಿಟ್ಟಳು.

"ಬರೋಬರ್" ಎಂದರು ಅಣ್ಣಾರು.

ಬಾಚಣಿಗೆಗೂ ಹಾಗೆಯೇ, ಬೀಗಕ್ಕೂ ಹಾಗೆಯೇ. ನನಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಪಾಪ, ಮುದುಕ ಒದ್ದಾಡುತ್ತಿದ್ದಾನೆ, ಹುಡುಗಿ ಕೈಗೆ ಕೊಟ್ಟಳು. ಎಷ್ಟು ಮರುಕದ ಹುಡುಗಿ ಎಂದುಕೊಂಡೆ. ಮೇಡಂ ಮಾತ್ರ ಗೋಡೆಗೆ ಒರಗಿ ನಿಂತು ನೋಡುತ್ತಲೇ ಇದ್ದರು. ಬಹಳ ದಿನ ಏನೂ ಅನ್ನಲಿಲ್ಲ. ಒಂದು ದಿನ ಅಣ್ಣಾರನ್ನು ಹೊರಗೆ ಕೂಡಿಸಿ ಬಂದ ಮೇಲೆ, ನಾನು ಅಲ್ಲಿರುವುದನ್ನು ಲೆಕ್ಕಿಸದೆ ಹಿಂದಿಯಲ್ಲಿ ಕೇಳಿದರು: "ಇಲ್ಲಿ ಪೇಶಂಟ್ ಯಾರು? ನೀನಾ, ಅವರಾ?"

ಅವಳು ಕೈಯಲ್ಲಿದ್ದ ಬೀಗವನ್ನು ಮೇಜಿನ ಮೇಲಿಟ್ಟಳು.

"ಸಾರೀ ಬಾತೇಂ ತೋ ತುಮ್ ಹೀ ಕರತೀ ಹೋ. ಮಾತೆಲ್ಲ ನೀನೇ ಆಡುತ್ತಿ. ಅವರು ಬಾಯಿ ತೆರೆದರೆ ನೀನು ಶಬ್ದ ತುರುಕುತ್ತಿ. ಇನ್ನು ಅವರು ಯಾಕೆ ಮಾತಾಡಬೇಕು? ಮುಂಬಯಿಯಿಂದ ನಿನ್ನ ಸರ್ ತಿಂಗಳ ಕೊನೆಗೆ ಬರುತ್ತಾರೆ. ಅವರ ಮುಂದೆಯೂ ಹೀಗೆ ಮಾಡಿದರೆ ಈ ಇಡೀ ಅರ್ಧ ವರ್ಷದ ಕೆಲಸ ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ, ತಿಳಿಯಿತಾ? ಪ್ರಶ್ನೆ ಕೇಳು, ಕಾಯಿ. ಮನಸ್ಸಿನಲ್ಲಿ ಹತ್ತು ಎಣಿಸು."

ಮನೆಗೆ ಬಂದವಳು ಊಟ ಮಾಡಲಿಲ್ಲ. ಅಪ್ಪನಿಗೆ ಏನೂ ಹೇಳಬೇಡ ಎಂದಳು. ಸಂಜೆ ಅಡುಗೆಮನೆಯಲ್ಲಿ ನಾನು ರೊಟ್ಟಿಗೆ ಹಿಟ್ಟು ನಾದುತ್ತಿದ್ದಾಗ ಪಕ್ಕದಲ್ಲಿ ಬಂದು ಕೂತಳು.

"ನಾ ಎಣಿಸತೀನಿ ಅಜ್ಜಿ. ಖರೇನ ಎಣಿಸತೀನಿ. ಆದ್ರ ಎಣಿಸೂದೂ ಜಲ್ದಿ ಜಲ್ದಿ ಆಗಿಬಿಡತೈತಿ. ಅವರ ಮುಖಾ ನೋಡಿದ್ರ ಹತ್ತು ಅನ್ನೂದು ನಾಕಕ್ಕ ಮುಗೀತೈತಿ. ಬಾಯಿ ತಾನ ಹೇಳಿಬಿಡತೈತಿ."

"ಹೇಳಿದ್ರ ಏನಾತವಾ? ಪಾಪ, ಅವರ ತ್ರಾಸ ನೋಡಾಕ ಆಗೂದಿಲ್ಲ."

"ಅದ ಅಜ್ಜಿ! ಅದ!" ಎಂದು ನನ್ನ ಕೈ ಹಿಡಿದಳು, ಹಿಟ್ಟು ಮೆತ್ತಿದ ಕೈಯನ್ನೇ. "ತಾಟ ಬರಿದಾಗಾಕ ಬಿಡೂದಿಲ್ಲಲ್ಲಾ ನಾವು, ಹಂಗ ನಾ ಅವರ ಬಾಯಿನೂ ಬರಿದಾಗಾಕ ಬಿಡವಲ್ಲೆ. ಅವರು ಕೇಳೂ ಮೊದಲ ಶಬ್ದ ಬಡಿಸತೀನಿ."

ಬಡಿಸುವುದು ತಪ್ಪು ಎಂದು ಈ ಮನೆಯಲ್ಲಿ ಯಾರೂ ಎಂದೂ ಹೇಳಿರಲಿಲ್ಲ. "ಬಾ, ಎರಡು ರೊಟ್ಟಿ ತಟ್ಟು, ಮನಸ್ಸು ಹಗರಾಗತೈತಿ" ಎಂದು ಮಣೆ ಅವಳ ಮುಂದೆ ಸರಿಸಿದೆ. ತಟ್ಟತೊಡಗಿದಳು. ಅವಳ ಕೈ ಬಲು ಚೆಂದ. ಉಂಡೆಯನ್ನು ಒಣಹಿಟ್ಟಿನ ಮೇಲಿಟ್ಟು, ಅಂಗೈಯಿಂದ ಮೆಲ್ಲಗೆ ಒತ್ತಿ, ತಿರುಗಿಸುತ್ತ ತಿರುಗಿಸುತ್ತ ಅಗಲ ಮಾಡಿ, ಹಂಚಿಗೆ ಹಾಕಿ, ಮೇಲೆ ನೀರಿನ ಅರಿವೆ ಸವರಿ, ಮಗುಚಿ ಹಾಕಿ, ಕಡೆಗೆ ಕೆಂಡದ ಬದಿಗೆ ನಿಲ್ಲಿಸಿದಳು. ರೊಟ್ಟಿ ಉಬ್ಬಿತು. ಅವಳು ಅದನ್ನೇ ನೋಡುತ್ತ ಕೂತಳು.

"ಅಜ್ಜಿ, ರೊಟ್ಟಿಗೆ ಜಲ್ದಿ ಮಾಡಾಕ ಬರೂದಿಲ್ಲ, ಹೌದಿಲ್ಲೋ?"

"ಜಲ್ದಿ ಮಾಡಿದ್ರ ಅಂಚು ಒಡೀತೈತಿ. ಹಂಚಿನಿಂದ ಜಲ್ದಿ ತಗದ್ರ ಹಸಿ ಉಳೀತೈತಿ."

"ಮತ್ತ ನಾ ಹತ್ತು ಎಣಿಸೂದಿಲ್ಲ" ಎಂದಳು. "ಒಂದು ರೊಟ್ಟಿ ತಟ್ಟತೀನಿ. ಉಂಡಿಯಿಂದ ಹಿಡದು ಉಬ್ಬೂತನಕ. ಮನಸ್ಸಿನ್ಯಾಗ."

ಮರುದಿನದಿಂದ ಹೊಸ ಹಟ. ಮಧ್ಯಾಹ್ನದ ಪಂಕ್ತಿಗೆ ತಾನೇ ಬಡಿಸುತ್ತೇನೆ, ಆದರೆ ಯಾರಾದರೂ ಕೇಳಿದ ಮೇಲಷ್ಟೇ ಹಾಕುತ್ತೇನೆ ಎಂದಳು. ಕಾಯುವುದು ರೂಢಿಯಾಗಬೇಕಂತೆ. ಅತ್ತೆಯ ಫೋಟೋದ ಕಡೆ ನೋಡುವ ಧೈರ್ಯವಾಗಲಿಲ್ಲ.

ಮೊದಲ ಪಂಕ್ತಿ ಕೂತಿತು. ರೊಟ್ಟಿ ಮುಗಿದವು. ಹುಡುಗಿ ಬುಟ್ಟಿ ಹಿಡಿದು ನಡುವೆ ನಿಂತಿದ್ದಾಳೆ, ಅಲ್ಲಾಡಲೊಲ್ಲಳು! ಕಾರಕೂನರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ವರ್ಷ ಕೇಳಿ ಗೊತ್ತಿಲ್ಲದವರು, ಏನೆಂದು ಕೇಳಬೇಕು? ಒಬ್ಬರು ಕೆಮ್ಮಿದರು. ಒಬ್ಬರು ತಾಟನ್ನು ತುಸು ಮುಂದೆ ತಳ್ಳಿದರು.

ಕಡೆಗೆ ಶೆಟ್ಟರು ಬಾಯಿಬಿಟ್ಟರು. "ಏನವಾ ತಂಗಿ, ಇವತ್ತು ಏಕಾದಶಿ ಏನು? ಹೇಳಿದ್ದರ ಮನ್ಯಾಗ ಉಂಡು ಬರತಿದ್ದೆ."

"ಏನು ಬೇಕು ಹೇಳ್ರಿ ಕಾಕಾ, ಹಾಕತೀನಿ."

"ಹೇಳಬೇಕಾ? ಅಕ್ಕಾರ, ಕೇಳಿದ್ರೇನು? ನಿಮ್ಮ ಖಾನಾವಳ್ಯಾಗ ಈಗ ಅರ್ಜಿ ಕೊಟ್ಟು ಉಣಬೇಕಂತ!"

ವಾಯುಸೇನೆಯ ಹುಡುಗ ಎದ್ದು ನಿಂತು ಸೆಲ್ಯೂಟ್ ಹೊಡೆದ. "ಮೇಡಂ, ಒಂದು ರೊಟ್ಟಿ ಮಂಜೂರ್ ಮಾಡಬೇಕ್ರಿ."

ಪಂಕ್ತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಅವಳೂ ನಕ್ಕಳು, ಎರಡು ರೊಟ್ಟಿ ಹಾಕಿದಳು. ಆದರೆ ಅಣ್ಣಾರ ತಾಟಿನ ಮುಂದೆ ಬಂದಾಗ ನಗು ಬಿಟ್ಟು ಮಂಡಿಯೂರಿ ಕೂತಳು. ಅವರನ್ನು ಉಪವಾಸ ಕೆಡವುವ ಮಾತಲ್ಲ ಇದು. ಎಲ್ಲವನ್ನೂ ಸ್ವಲ್ಪ ಸ್ವಲ್ಪ ಮೊದಲೇ ಬಡಿಸಿದ್ದಳು. "ಕೈ ತೋರಿಸಿದ್ರೂ ಕೊಡತೀನಿ, ಕಣ್ಣ ಸನ್ನಿ ಮಾಡಿದ್ರೂ ಕೊಡತೀನಿ. ಆದ್ರ ಮೊದಲು ಅವರದು ಬರಬೇಕು, ಆಮ್ಯಾಲ ನಂದು" ಎಂದು ನನಗೆ ಹೇಳಿದ್ದಳು.

"ಅಜ್ಜಾರ, ರೊಟ್ಟಿ ಹಾಕಲೇನ್ರಿ?"

"ಬರೋಬರ್."

ಅವಳು ರೊಟ್ಟಿಯನ್ನು ತಾಟಿನ ಮೇಲೆ ಎತ್ತಿ ಹಿಡಿದಳು, ಬಿಡಲಿಲ್ಲ. ಅವರ ಮುಖವನ್ನೇ ನೋಡುತ್ತ ಕೂತಳು. ಅವರು ರೊಟ್ಟಿ ನೋಡಿದರು, ಹಣೆ ಗಂಟಿಕ್ಕಿದರು, ಆಮೇಲೆ ನನ್ನ ಕಡೆ ತಿರುಗಿದರು. ನಾನು ಸೌಟು ಹಿಡಿದು ಒಂದು ಹೆಜ್ಜೆ ಇಟ್ಟೇಬಿಟ್ಟಿದ್ದೆ.

"ಅಜ್ಜಿ, ನೀ ಒಳಗ ಹೋಗು."

ಹೋದೆ. ಒಳಕಲ್ಲಿನ ಮುಂದೆ ಕೂತು, ಬೇಡದಿದ್ದರೂ ಚಟ್ನಿ ರುಬ್ಬಿದೆ, ಹೊರಗಿನದು ಕಿವಿಗೆ ಬೀಳದಿರಲೆಂದು. ಎದ್ದು ಬಂದು ನೋಡಿದಾಗ ಅಣ್ಣಾರು ಎಡಗೈಯಿಂದ ರೊಟ್ಟಿಯನ್ನು ಆಚೆ ಸರಿಸುತ್ತಿದ್ದರು. ಅವರಿಗೆ ರೊಟ್ಟಿ ಬೇಡವಾಗಿತ್ತು! ಅಷ್ಟು ದಿನ ನಾನು ಹಾಕಿದ ಗುಡ್ಡಗಳು ನೆನಪಾದವು. ಮೊಮ್ಮಗಳು ಎದ್ದು ಬಂದು ನನ್ನ ಕಿವಿಯಲ್ಲಿ ಹೇಳಿದಳು: "ನೋಡಿದೇನಜ್ಜಿ? ಬರೋಬರ್ ಅಂದ್ರು, ಆದ್ರ ಅದಲ್ಲ ಅಂತ ಅವರಿಗೇ ಗೊತ್ತಾತು. ಇನ್ನ ಶಬ್ದ ಬರಬೇಕು ಅಷ್ಟ."

ಶಬ್ದ ಅಂದು ಬರಲಿಲ್ಲ, ಆ ವಾರವೂ ಬರಲಿಲ್ಲ. ಅವಳು ಮಾತ್ರ ದಿನಾ ಕಾದಳು. ಆಸ್ಪತ್ರೆಯಲ್ಲಿ ಕಾದಳು, ಖಾನಾವಳಿಯಲ್ಲಿ ಕಾದಳು. ಮೇಜಿನ ಕೆಳಗೆ, ಮೊಣಕಾಲಿನ ಮೇಲೆ ಅವಳ ಬಲ ಅಂಗೈ ಮೆಲ್ಲಗೆ ಅಲ್ಲಾಡುವುದು ಬೆಂಚಿನಿಂದ ನನಗೆ ಕಾಣುತ್ತಿತ್ತು. ಬೇರೆ ಯಾರಿಗೂ ತಿಳಿಯದು. ನನಗೆ ತಿಳಿಯುತ್ತಿತ್ತು: ಈಗ ಉಂಡೆ ಒತ್ತಿದಳು, ಈಗ ತಿರುಗಿಸಿದಳು, ಈಗ ಹಂಚಿಗೆ ಹಾಕಿದಳು. ಒಂದೆರಡು ಸಲ ಅಣ್ಣಾರ ಬಾಯಿಂದ "ಬ್ಯಾ" ಎಂಬ ಸದ್ದು ಬಂದು ಅಲ್ಲೇ ನಿಂತಿತು. ಮೇಡಂ ಅದನ್ನು ಕೇಳಿ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು, ಅಷ್ಟೇ. ಹೊಗಳುವವರಲ್ಲ ಆಕೆ.

ತಿಂಗಳ ಕೊನೆಗೆ ಮುಂಬಯಿಯ ಸರ್ ಬಂದರು. ದಪ್ಪ ಕನ್ನಡಕದ, ಮೆಲುಮಾತಿನ ಹಿರಿಯರು. ನಾನು ಅಣ್ಣಾರಿಗೆ ಒಗೆದ ಧೋತರ, ಬಿಳಿ ಅಂಗಿ ಹಾಕಿಸಿ, ಹಣೆಗೆ ವಿಭೂತಿ ಹಚ್ಚಿ ಕರೆದುಕೊಂಡು ಹೋದೆ. ಮೊಮ್ಮಗಳು ಹಿಂದಿನ ದಿನವೇ ನನ್ನಿಂದ ಒಂದು ತಂಬಿಗೆ ಮಜ್ಜಿಗೆ ಕೇಳಿದ್ದಳು. ಮೇಜಿನ ಮೇಲೆ ಒಂದು ಕಡೆ ಆಸ್ಪತ್ರೆಯ ಕಪ್ಪಿನಲ್ಲಿ ಚಹಾ, ಇನ್ನೊಂದು ಕಡೆ ನಮ್ಮ ಲೋಟದಲ್ಲಿ ಮಜ್ಜಿಗೆ. ಅಣ್ಣಾರಿಗೆ ಚಹಾ ಎಂದರೆ ಆಗದು. ಗಣಿಯ ಚಹಾ ಕುಡಿದು ಕುಡಿದು ಹೊಟ್ಟೆ ಕೆಟ್ಟಿತೆಂದು ಎಂದೋ ಬಿಟ್ಟಿದ್ದರು. ಅದು ಅವಳಿಗೆ ಗೊತ್ತು, ನನಗೆ ಗೊತ್ತು. ಸರ್‌ಗೆ ಗೊತ್ತಿಲ್ಲ.

ಅವಳು ಚಹಾದ ಕಪ್ಪನ್ನು ಅಣ್ಣಾರ ಮುಂದೆ ತುಸು ಸರಿಸಿದಳು. "ಅಜ್ಜಾರ, ಚಹಾ ಕೊಡಲೇನ್ರಿ?"

"ಬರೋಬರ್."

ಸರ್ ಕೈಯಲ್ಲಿದ್ದ ಪೆನ್ನು ಅಲ್ಲಾಡಿತು. ಅವಳು ಕಪ್ಪನ್ನು ಕೊಡಲೂ ಇಲ್ಲ, ತೆಗೆಯಲೂ ಇಲ್ಲ. ಅಣ್ಣಾರ ಕಣ್ಣನ್ನೇ ನೋಡುತ್ತ ಕೂತಳು. ಮೊಣಕಾಲಿನ ಮೇಲೆ ಅಂಗೈ ಅಲ್ಲಾಡಿತು. ಉಂಡೆ ಅಗಲವಾಗತೊಡಗಿತು. ಅಣ್ಣಾರ ಹಣೆಯ ವಿಭೂತಿ ಗೆರೆಗಳು ಮುದುಡಿಕೊಂಡವು. ತುಟಿ ಕೂಡಿದವು, ಬಿಟ್ಟವು. ಸದ್ದಿಲ್ಲ. ಕಿಟಕಿಯ ಹೊರಗೆ ಆಟೋಗಳ ಸದ್ದು. ರೊಟ್ಟಿ ಹಂಚಿಗೆ ಬಿತ್ತು. ನೀರು ಸವರಿದಳು. ಸರ್‌ಗೆ ತಾಳಲಾಗಲಿಲ್ಲವೋ ಏನೋ, ಮುಂದಕ್ಕೆ ಬಾಗಿ, "ಚಾಯ್..." ಎಂದು ಬಾಯಿ ತೆರೆದರು. ಮೇಡಂ ತುಟಿಯ ಮೇಲೆ ಬೆರಳಿಟ್ಟರು. ತಮಗಿಂತ ದೊಡ್ಡವರಿಗೆ! ಸರ್ ಬಾಯಿ ಮುಚ್ಚಿದರು. ನಾನೋ, ಸೆರಗಿನ ಚುಂಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದೆ. "ಬ್ಯಾಡ ಅನ್ರಿ ಅಣ್ಣಾರ, ಬ್ಯಾಡ ಅನ್ರಿ" ಎನ್ನುವುದು ನನ್ನ ಹಲ್ಲಿನ ಹಿಂದೆಯೇ ಕುದಿಯುತ್ತಿತ್ತು. ಒಂದು ಶಬ್ದ ನನ್ನ ಬಾಯಿಂದ ಹೊರಬಿದ್ದಿದ್ದರೆ ಅವಳ ಅರ್ಧ ವರ್ಷ ಹೋಗುತ್ತಿತ್ತು.

ಮಗುಚಿದಳು. ಕೆಂಡದ ಬದಿಗೆ ನಿಲ್ಲಿಸಿದಳು. ಅಂಗೈ ನಿಂತಿತು. ಏನೂ ಬರಲಿಲ್ಲ.

ಈಗ ಅವಳು ಹೇಳಿಬಿಡುತ್ತಾಳೆ ಎಂದು ನಾನು ಕಣ್ಣು ಮುಚ್ಚಿದೆ. ತೆರೆದು ನೋಡಿದರೆ ಅಂಗೈ ಮತ್ತೆ ಅಲ್ಲಾಡುತ್ತಿದೆ. ಎರಡನೇ ಉಂಡೆ! ಮುಖದಲ್ಲಿ ಗಾಬರಿಯಿಲ್ಲ, ಅವಸರವಿಲ್ಲ. ಸೋಮವಾರದ ಬೆಳಿಗ್ಗೆ ಇಡೀ ಬುಟ್ಟಿ ರೊಟ್ಟಿ ತಟ್ಟಲು ಕೂತವಳ ಹಾಗೆ ಕೂತಿದ್ದಾಳೆ.

ಅಣ್ಣಾರ ಎಡಗೈ ಮೇಲೆದ್ದಿತು. ಕಪ್ಪಿನ ಅಂಚಿಗೆ ಬೆರಳು ತಾಗಿತು. ಮೆಲ್ಲಗೆ ಅದನ್ನು ದೂರ ತಳ್ಳಿದರು, ಚಹಾ ಬಸಿಯೊಳಗೆ ತುಳುಕಿತು.

"ಬ್ಯಾ..." ಎಂದರು.

ಅವಳು ಕಾದಳು.

"ಬ್ಯಾಡ."

ಬಿಡಿಬಿಡಿಯಾಗಿ ಅಲ್ಲ, ಇಡಿಯಾಗಿ. ಹಳೆಯ ದನಿಯಲ್ಲಿ, ಗದಗಿನ ದನಿಯಲ್ಲಿ, ತೂಕ ತಪ್ಪಿದ ಲಾರಿಯನ್ನು ವಾಪಸು ಕಳಿಸುವ ದನಿಯಲ್ಲಿ. ಹೇಳಿದ ಮೇಲೆ ತಾವೇ ಬೆರಗಾಗಿ ಅವಳನ್ನು ನೋಡಿದರು. ನನ್ನ ಬಾಯಿಂದ ಸೆರಗು ಜಾರಿತು, ಕಣ್ಣಿಂದ ನೀರು. ನನ್ನ ಮೊಮ್ಮಗಳು ಎದ್ದು ಕುಣಿಯಲಿಲ್ಲ. ಕುಣಿಯಬಹುದಿತ್ತು, ನಾನಾಗಿದ್ದರೆ ಕುಣಿದುಬಿಡುತ್ತಿದ್ದೆ. ಅವಳು ಚಹಾದ ಕಪ್ಪನ್ನು ತೆಗೆದು ಬದಿಗಿಟ್ಟು, "ಬ್ಯಾಡಾ? ಆತ್ರಿ ಅಜ್ಜಾರ. ಮತ್ತ ಏನ ಕೊಡಲಿ?" ಎಂದಳು. ಮತ್ತೆ ಕಾದಳು. ಅವರು ಮಜ್ಜಿಗೆಯ ಕಡೆ ಬೆರಳು ತೋರಿಸಿ "ಮ" ಎಂದರು. ಮುಂದಿನದು ಬರಲಿಲ್ಲ. ಅಷ್ಟೇ ಸಾಕೆಂದು ಲೋಟ ಕೈಗೆ ಕೊಟ್ಟಳು. ಗಟಗಟ ಕುಡಿದರು.

ಆಮೇಲೆ ಸರ್ ಅವಳನ್ನು ಹಿಂದಿಯಲ್ಲಿ ಕೇಳಿದರು: "ಅಷ್ಟು ಹೊತ್ತು ಕಾದೆಯಲ್ಲ, ಇಷ್ಟು ಸಾಕು, ಇನ್ನು ಸಹಾಯ ಮಾಡೋಣ ಅಂತ ಅನಿಸಲಿಲ್ಲವೇ?"

ಅವಳು ತಡವರಿಸಿ, "ಸರ್, ದೂಸರೀ ರೋಟೀ ಅಭೀ ಫೂಲೀ ನಹೀಂ ಥೀ" ಎಂದುಬಿಟ್ಟಳು. ಎರಡನೇ ರೊಟ್ಟಿ ಇನ್ನೂ ಉಬ್ಬಿರಲಿಲ್ಲವಂತೆ! ಸರ್ ಕನ್ನಡಕ ತೆಗೆದು ಒರೆಸಿದರು. ಅವಳು ನಾಚಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು: ಮಣೆ, ಹಂಚು, ನೀರಿನ ಅರಿವೆ, ಕೆಂಡ. ಯಾವತ್ತೂ ನಗದ ಮೇಡಂ ಗೋಡೆಯ ಕಡೆ ಮುಖ ತಿರುಗಿಸಿಕೊಂಡು ನಕ್ಕರು. "ನನ್ನ ಹತ್ತಕ್ಕಿಂತ ಇವಳ ರೊಟ್ಟಿ ಉದ್ದ" ಎಂದು ಮರಾಠಿಯಲ್ಲಿ ಸರ್‌ಗೆ ಹೇಳಿದರು.

ಆ ರೊಟ್ಟಿ ಎಲ್ಲಿಯದು, ತೋರಿಸು ಎಂದು ಸರ್ ಅಂದು ಮಧ್ಯಾಹ್ನ ನಮ್ಮ ಪಂಕ್ತಿಗೇ ಬಂದು ಕೂತರು. ನಾನು ಯಾವ ಕಾಯುವಿಕೆಯನ್ನೂ ಇಟ್ಟುಕೊಳ್ಳಲಿಲ್ಲ. ಎರಡು ಕೈಯಲ್ಲೂ ಬಡಿಸಿದೆ. ಅವರು ತಾಟಿನ ಮೇಲೆ ಕೈ ಅಡ್ಡ ಹಿಡಿದು "ಪುರೇ, ಪುರೇ" ಅಂದರು. ಸಾಕು ಎನ್ನುವುದನ್ನು ಮರಾಠಿಯಲ್ಲಿ ಹೇಳಿದರೆ ನನ್ನ ಸೌಟು ಕೇಳೀತೇ? ಬೆರಳ ಸಂದಿಯಲ್ಲಿ ಇಳಿಸಿದೆ. ಅವರು ನಗುತ್ತ ನನ್ನ ಮೊಮ್ಮಗಳ ಕಡೆ ತಿರುಗಿ, "ಈಗ ಗೊತ್ತಾಯಿತು ನಿನ್ನ ಕಷ್ಟ ಎಂಥದ್ದಿತ್ತು ಅಂತ" ಎಂದರು. ಆಮೇಲೆ ನನಗೆ ನಿಧಾನವಾಗಿ, ನನಗೆ ತಿಳಿಯುವ ಹಿಂದಿಯಲ್ಲಿ, "ಅಮ್ಮಾ, ಕಾಗದ ಕಾಲೇಜಿನಿಂದ ಬರುತ್ತದೆ. ಆದರೆ ಇವಳು ಇಲ್ಲಿಯದನ್ನು ಮತ್ತೆ ಮಾಡಬೇಕಾಗಿಲ್ಲ. ಆಪ್ಕೀ ಪೋತೀ ಪಾಸ್, ನಿಮ್ಮ ಮೊಮ್ಮಗಳು ಪಾಸ್" ಎಂದರು.

ಆ ಪಂಕ್ತಿ ಚಪ್ಪಾಳೆ ತಟ್ಟಿತು ಎಂದರೆ ನಂಬುತ್ತೀರಾ? ಎಂಜಲು ಕೈಯಲ್ಲಿ ಹೇಗೆ ತಟ್ಟುವುದು ಎಂದು ಎಡಗೈಯಿಂದ ತಾಟು ಬಡಿದರು. ಶೆಟ್ಟರು, "ತಂಗಿ, ಇನ್ನ ಮ್ಯಾಲ ನಮಗ ಅರ್ಜಿ ಇಲ್ಲದ ಊಟ ಸಿಗತೈತಲ್ಲಾ?" ಎಂದರು. ನಾನು ಒಳಗೆ ಹೋಗಿ ಅತ್ತೆಯ ಫೋಟೋದ ಮುಂದೆ ನಿಂತು, ಏನೂ ಹೇಳದೆ ದೀಪ ಹಚ್ಚಿ ಬಂದೆ.

ಕಾಗದವೂ ಬಂತು. ಅವಳು ಅದೇ ಆಸ್ಪತ್ರೆಯ ಅದೇ ಕೋಣೆಯಲ್ಲಿ ಕೆಲಸಕ್ಕೆ ಸೇರಿದಳು. ಕನ್ಹಾನ್ ಕಡೆಯಿಂದ, ಎಲ್ಲೆಲ್ಲಿಂದಲೋ ತಾಯಂದಿರು ಮಾತು ಬಾರದ ಕೂಸುಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬರುತ್ತಾರೆ. ನಾನು ಆಗಾಗ ಅವಳ ಬುತ್ತಿ ಕೊಡುವ ನೆವ ಮಾಡಿ ಹೋಗಿ ಬಾಗಿಲ ಸಂದಿಯಿಂದ ನೋಡುತ್ತೇನೆ. ಮೊಣಕಾಲಿನ ಮೇಲೆ ಅಂಗೈ ಅಲ್ಲಾಡುತ್ತಿರುತ್ತದೆ. ಯಾರಿಗಾದರೂ ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ. ಹೊರಗೆ ಕೂತ ತಾಯಂದಿರಿಗೆ, "ಅವಳು ನನ್ನ ಮೊಮ್ಮಗಳು" ಎಂದು ನನ್ನ ಅರೆಬರೆ ಮರಾಠಿಯಲ್ಲಿ ಹೇಳಿಯೇ ಬರುತ್ತೇನೆ.

ಖಾನಾವಳಿಯ ಪದ್ಧತಿ ಎಲ್ಲರಿಗೂ ಮೊದಲಿನಂತೆಯೇ ಇದೆ, ಅಣ್ಣಾರೊಬ್ಬರಿಗೆ ಬಿಟ್ಟು. ಅವರ ತಾಟಿನ ಮುಂದೆ ನಾನೂ ಸೌಟು ಹಿಡಿದು ನಿಲ್ಲುತ್ತೇನೆ. ಬ್ಯಾಡ, ಸಾಕು, ಹಾಕ್ರಿ, ನೀರು, ಹೀಗೆ ಒಂದೊಂದೇ ಬರತೊಡಗಿದವು. ಬರೋಬರ್ ಪೂರ್ತಿ ಹೋಗಿಲ್ಲ, ನಡುವೆ ನುಸುಳುತ್ತದೆ.

ಮೊನ್ನೆ ಮಧ್ಯಾಹ್ನ ಸಾರಿನ ಬಟ್ಟಲು ಅವರ ಮುಂದೆ ಇಟ್ಟೆ. ಅವರು ಬಗ್ಗಿ ಬಟ್ಟಲಿನೊಳಗೆ ನೋಡಿದರು. ತಲೆಯೆತ್ತಿ ನನ್ನನ್ನು ನೋಡಿದರು. ಮತ್ತೆ ಬಗ್ಗಿದರು. ತುಟಿ ಕೂಡಿದವು, ಬಿಟ್ಟವು. ಶೆಟ್ಟರು ಏನೋ ಅನ್ನಲು ಹೋದರು, ನಾನು ತುಟಿಯ ಮೇಲೆ ಬೆರಳಿಟ್ಟೆ. ಪಂಕ್ತಿಯ ಕೈಗಳೆಲ್ಲ ತಾಟಿನ ಮೇಲೆ ನಿಂತವು. ನಾನು ಮನಸ್ಸಿನಲ್ಲಿ ಒಂದು ಉಂಡೆ ಒತ್ತಿದೆ, ತಿರುಗಿಸಿದೆ, ಹಂಚಿಗೆ ಹಾಕಿದೆ, ನೀರು ಸವರಿದೆ.

"ಟಾ..." ಎಂದರು ಅಣ್ಣಾರು. "ಟಾರ್ಚ್."

ನಾನು ಒಳಗೆ ಓಡಿಹೋಗಿ, ಕರೆಂಟು ಹೋದಾಗಿನ ದೊಡ್ಡ ಟಾರ್ಚು ತಂದು, ಹೊತ್ತಿಸಿ, ಅವರ ತಾಟಿನ ಪಕ್ಕಕ್ಕೆ ಇಟ್ಟೆ.